ಕಾಯಿನನ ಹೆಂಡತಿ ಯಾರು? ಆದಿ ಸಭೆಯ ಬರಹಗಳಲ್ಲಿ ಉತ್ತರ ಹುಡುಕುವ ಕ್ರಮ

ಬೈಬಲ್ ಅಧ್ಯಯನದ ಗುಂಪು ಆದಿಕಾಂಡ 4:17ಕ್ಕೆ ಬಂದಾಗ ಓದು ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಆದಾಮ, ಹವ್ವ, ಇಬ್ಬರು ಗಂಡುಮಕ್ಕಳು, ಅವರಲ್ಲೊಬ್ಬ ಸತ್ತಿದ್ದಾನೆ. ಹಾಗಾದರೆ ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು? ಪ್ರಶ್ನೆ ಹಳೆಯದು. 4ನೇ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದಲ್ಲಿ ಆದಿಕಾಂಡದ ಮೇಲೆ ಪ್ರಸಂಗ ಮಾಡುತ್ತಿದ್ದ ಜಾನ್ ಕ್ರಿಸಾಸ್ಟಮ್, ಕೇಳುಗರು ಬಾಯಿ ಬಿಡುವ ಮೊದಲೇ ಅದನ್ನು ತಾನೇ ಎತ್ತಿಕೊಂಡು ಉತ್ತರ ಕೊಟ್ಟಿದ್ದಾನೆ. ಮುಚ್ಚಿಡಬೇಕಾದ ಮುಜುಗರದ ವಿಷಯವೆಂದು ಸಭಾಪಿತೃಗಳು, ಅಂದರೆ ಆದಿ ಸಭೆಯ ಹಿರಿಯ ಬೋಧಕರು, ಇದನ್ನು ಕಂಡಿಲ್ಲ.

ಗುಂಪು ನಡೆಸುವವರಿಗೆ, ಸಂಡೇ ಸ್ಕೂಲ್ ಶಿಕ್ಷಕರಿಗೆ ಮತ್ತು ಈ ವಿಷಯದ ಮೇಲೆ ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೆ ಮೂಲ ಬರಹಗಳನ್ನು ಯಾವ ಕ್ರಮದಲ್ಲಿ ಓದಬೇಕು, ಎಲ್ಲೆಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಇಲ್ಲಿ ಹೇಳಿದೆ.

ಮೊದಲು ಪ್ರಶ್ನೆಯನ್ನು ಮೂರು ತುಂಡು ಮಾಡಿ

ಆಕೆ ಯಾರು? ಆಕೆಯ ಹೆಸರೇನು? ಆ ಮದುವೆ ಆಗ ಯಾಕೆ ಸರಿ, ಈಗ ಯಾಕೆ ತಪ್ಪು? ಒಂದೇ ಉಸಿರಿನಲ್ಲಿ ಕೇಳುವ ಈ ಮೂರಕ್ಕೂ ಉತ್ತರ ಸಿಗುವುದು ಬೇರೆ ಬೇರೆ ಬಗೆಯ ಬರಹಗಳಲ್ಲಿ. ಮೊದಲನೆಯದಕ್ಕೆ ಸಭಾಪಿತೃಗಳು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ. ಎರಡನೆಯದು ಬೈಬಲಿನ ಹೊರಗಿನ ಕಥಾಪರಂಪರೆಯ ಸರಕು. ಮೂರನೆಯದರಲ್ಲಿ ಮಾತ್ರ ನಿಜವಾದ ವಿಚಾರ ನಡೆದಿದೆ, ಮತ್ತು ಅದರ ಗಟ್ಟಿ ಭಾಗ ಉತ್ತರ ಆಫ್ರಿಕದ ಬಿಷಪ್ ಸಂತ ಅಗಸ್ಟೀನನದು. ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ ಎಳೆದುಕೊಂಡು, ಓದಿದ ಪ್ರತಿ ಸಾಲೂ ಯಾವ ಕಾಲಮ್ಮಿಗೆ ಸೇರುತ್ತದೆ ಎಂದು ಗುರುತು ಹಾಕುತ್ತ ಹೋಗಿ. ಈ ವಿಷಯದ ಮೇಲಿನ ಗೊಂದಲದ ಬಹುಪಾಲು, ಎರಡನೇ ಕಾಲಮ್ಮಿನದನ್ನು ಒಂದನೆಯದಕ್ಕೆ ಬರೆದದ್ದರಿಂದ ಹುಟ್ಟಿದೆ.

ಹಂತ 1: ವಚನಗಳನ್ನೇ ಎದುರಿಗಿಟ್ಟುಕೊಳ್ಳಿ

ಕನ್ನಡ ಸತ್ಯವೇದ ತೆರೆದು ಆದಿಕಾಂಡ 4:1-2, 4:14, 4:16-17, 4:19-22, 4:25-26, 5:3-5 ಇಷ್ಟನ್ನು ಸಾಲಾಗಿ ಓದಿ. ಗಮನಿಸಬೇಕಾದದ್ದು ಮೂರು.

4:17 ಕಾಯಿನನು ತನ್ನ ಹೆಂಡತಿಯನ್ನು ಕೂಡಿದ, ಆಕೆ ಹನೋಕನನ್ನು ಹೆತ್ತಳು ಎನ್ನುತ್ತದೆ. ಕಾಯಿನ ಹೋಗಿ ನೆಲೆಸಿದ ನೋದು ಸೀಮೆಯಲ್ಲಿ ಹೆಣ್ಣು ಹುಡುಕಿ ಮದುವೆಯಾದ ಎಂದು ಎಲ್ಲಿಯೂ ಇಲ್ಲ. ಹಿಂದಿನ ವಚನದಲ್ಲಿ ನೋದು ಬಂದಿರುವುದರಿಂದ ಎರಡನ್ನೂ ಸೇರಿಸಿ ಓದಿ, ಅಲ್ಲಿ ಮೊದಲೇ ಬೇರೆ ಜನರಿದ್ದರು ಎಂದು ತೀರ್ಮಾನಿಸುವುದು ತುಂಬ ಸಾಮಾನ್ಯವಾದ ಜಾರು. ಆದಾಮನಿಗಿಂತ ಮೊದಲೇ ಮನುಷ್ಯರಿದ್ದರು ಎಂಬ ವಾದವನ್ನು ಪುಸ್ತಕವಾಗಿ ಮಂಡಿಸಿ ಗದ್ದಲ ಎಬ್ಬಿಸಿದವನು ಫ್ರಾನ್ಸಿನ ಇಸಾಕ್ ಲಾ ಪೆರೇರ್, 1655ರಲ್ಲಿ. ಅದನ್ನು ಆದಿ ಸಭೆಯ ಅಭಿಪ್ರಾಯವೆಂದು ಬರೆಯಬೇಡಿ.

5:4ರಲ್ಲಿ ಆದಾಮನಿಗೆ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಹುಟ್ಟಿದರು ಎಂದಿದೆ. ಸಭಾಪಿತೃಗಳ ಉತ್ತರದ ಬುಡ ಇದೇ. ಈ ವಚನ 4:17ರ ನಂತರ ಬರುತ್ತದೆ ನಿಜ. ಆದರೆ ಅಧ್ಯಾಯಗಳ ಕ್ರಮವೇ ಹುಟ್ಟಿನ ಕ್ರಮವಲ್ಲ.

ಮೂರನೆಯದು ವರ್ಷಗಳ ಲೆಕ್ಕ. ನಮ್ಮ ಸತ್ಯವೇದದಲ್ಲಿ ಆದಾಮನ ಇನ್ನೊಬ್ಬ ಮಗ ಸೇತ ಹುಟ್ಟಿದಾಗ ಆದಾಮನಿಗೆ 130 ವರ್ಷ, ಆಮೇಲೆ 800 ವರ್ಷ ಬದುಕಿದ, ಒಟ್ಟು 930. ಇದು ಹೀಬ್ರೂ ಪಾಠ. ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟಿನಲ್ಲಿ 230 ಮತ್ತು 700. ಒಟ್ಟು ಅದೇ 930. ಕ್ರಿಸಾಸ್ಟಮ್ ಓದಿದ್ದು ಗ್ರೀಕ್ ಪಾಠ. ಅಗಸ್ಟೀನ್ ಓದಿದ್ದು ಅದರಿಂದ ಮಾಡಿದ ಲ್ಯಾಟಿನ್. ಅವರ ಬರಹದಲ್ಲಿ ಲೆಕ್ಕ ನೂರು ವರ್ಷ ಹೆಚ್ಚಾಗಿ ಕಂಡರೆ ಅಚ್ಚಿನ ತಪ್ಪೆಂದು ತಿದ್ದಬೇಡಿ. ಈ ವ್ಯತ್ಯಾಸ ಅಗಸ್ಟೀನನಿಗೂ ಗೊತ್ತಿತ್ತು. ಅದರ ಮೇಲೆ ಅವನು ಹಲವು ಅಧ್ಯಾಯಗಳನ್ನೇ ಬರೆದಿದ್ದಾನೆ.

ಹಂತ 2: "ಯಾರು" ಎಂಬುದಕ್ಕೆ ಸಾಕ್ಷಿ ಕೂಡಿಸಿ

ನಾಲ್ವರು ಸಾಕು. ಕ್ರಿಸಾಸ್ಟಮ್ ಆದಿಕಾಂಡದ ಮೇಲಿನ 20ನೇ ಪ್ರಸಂಗದಲ್ಲಿ ಇದನ್ನು ಹೇಳುತ್ತಾನೆ: ಕಾಯಿನ ಮದುವೆಯಾದದ್ದು ಹವ್ವಳ ಮಗಳೊಬ್ಬಳನ್ನೇ, ಅದು ಆರಂಭದ ಕಾಲ, ಮನುಷ್ಯಕುಲ ಬೆಳೆಯಬೇಕಿತ್ತು, ಆದ್ದರಿಂದ ಸೋದರಿಯರನ್ನು ಮದುವೆಯಾಗಲು ಅನುಮತಿ ಇತ್ತು. 5ನೇ ಶತಮಾನದಲ್ಲಿ ಸಿರಿಯಾದ ಸಿರ್‌ಹಸ್ ಊರಿನ ಬಿಷಪ್ ಥಿಯೊಡೊರೆಟ್ ಆದಿಕಾಂಡದ ಬಗ್ಗೆ ಪ್ರಶ್ನೋತ್ತರ ರೂಪದಲ್ಲಿ ಬರೆದ ಪುಸ್ತಕದಲ್ಲಿ ಇದಕ್ಕೇ ಒಂದು ಪ್ರಶ್ನೆ ಮೀಸಲು. ಅವನ ಉತ್ತರ ಇನ್ನೂ ಚುಟುಕು: ಸೋದರಿಯನ್ನೇ, ಅದರಲ್ಲಿ ಸಂಶಯವಿಲ್ಲ, ಬೇಡವೆನ್ನುವ ಕಾನೂನು ಆಗ ಇರಲಿಲ್ಲ, ಆದ್ದರಿಂದ ಅಪರಾಧವೂ ಅಲ್ಲ. ಸೈಪ್ರಸ್ಸಿನ ಸಲಾಮಿಸ್ ಬಿಷಪ್ ಎಪಿಫಾನಿಯಸ್, ಪಾಷಂಡ ಮತಗಳನ್ನು ಖಂಡಿಸಲು 374 ಮತ್ತು 377ರ ನಡುವೆ ಬರೆದ ದೊಡ್ಡ ಗ್ರಂಥದಲ್ಲಿ ಅದನ್ನೇ ಹೇಳುತ್ತಾನೆ. ನಾಲ್ಕನೆಯವನು ಅಗಸ್ಟೀನ್, ಅವನಿಗೆ ಮುಂದೆ ಪ್ರತ್ಯೇಕ ಹಂತವೇ ಇದೆ.

ಇಲ್ಲಿ ಒಂದು ಉಪಪ್ರಶ್ನೆ ಖಂಡಿತ ಬರುತ್ತದೆ: ಇಷ್ಟೇ ಜನರಿದ್ದರೆ ಕಾಯಿನ ಊರು ಕಟ್ಟಿದ್ದು ಯಾರಿಗಾಗಿ? ಇದಕ್ಕೆ ಅಗಸ್ಟೀನನ "ದೇವರ ನಗರ" ಗ್ರಂಥದ 15ನೇ ಪುಸ್ತಕ, 8ನೇ ಅಧ್ಯಾಯ ತೆರೆಯಿರಿ. ಹುಟ್ಟಿದವರೆಲ್ಲರ ಹೆಸರನ್ನೂ ಗ್ರಂಥ ಬರೆದಿಲ್ಲ, ವಂಶದ ಎಳೆಗೆ ಬೇಕಾದವರನ್ನು ಮಾತ್ರ ಹೇಳಿದೆ ಎಂಬುದು ಅವನ ಉತ್ತರ. ಅಬ್ರಹಾಮನ ಒಂದೇ ವಂಶ ನಾನೂರು ಚಿಲ್ಲರೆ ವರ್ಷಗಳಲ್ಲಿ 6,00,000 ಗಂಡಸರಷ್ಟು ಬೆಳೆಯಿತು. ಒಬ್ಬೊಬ್ಬರು ಒಂಬತ್ತು ನೂರು ವರ್ಷ ಬಾಳಿದ ಕಾಲದಲ್ಲಿ ಒಂದು ಊರು ತುಂಬುವುದು ಏನು ದೊಡ್ಡದು ಎಂದು ಕೇಳುತ್ತಾನೆ. ಒಪ್ಪುವುದು ಬಿಡುವುದು ಬೇರೆ ಮಾತು, ಅವನ ಲೆಕ್ಕದ ದಾರಿ ಮಾತ್ರ ಸ್ಪಷ್ಟ.

ಹಂತ 3: ಹೆಸರುಗಳು ಎಲ್ಲಿಂದ ಬಂದವು ನೋಡಿ

ಹಳೆಯ ಆಕರ "ಜೂಬಿಲಿಗಳ ಪುಸ್ತಕ". ಕ್ರಿ.ಪೂ. 2ನೇ ಶತಮಾನದ ಈ ಯೆಹೂದ್ಯ ಬರಹ ಪೂರ್ತಿಯಾಗಿ ಉಳಿದಿರುವುದು ಇಥಿಯೋಪಿಯದ ಗೀಜ್ ಭಾಷೆಯಲ್ಲಿ. ಮೂಲ ಹೀಬ್ರೂವಿನ ಚೂರುಗಳು ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಸಿಕ್ಕಿವೆ. ಇಥಿಯೋಪಿಯದ ಆರ್ಥೊಡಾಕ್ಸ್ ಸಭೆಗೆ ಇದು ಪವಿತ್ರಗ್ರಂಥದ ಭಾಗ. ಉಳಿದ ಬಹುಪಾಲು ಸಭೆಗಳಿಗೆ ಅಲ್ಲ. ಅದರ 4ನೇ ಅಧ್ಯಾಯದಲ್ಲಿ ಕಾಯಿನನ ಹೆಂಡತಿ ಅವನ ತಂಗಿ ಆವಾನ್. ಸೇತನ ಹೆಂಡತಿ ಅವನ ಸೋದರಿ ಅಜೂರಾ. ಕಾಲವನ್ನೂ ಕೊಟ್ಟಿದೆ: ಒಂದು ಜೂಬಿಲಿ ಎಂದರೆ 49 ವರ್ಷ, ಹನೋಕ ಹುಟ್ಟಿದ್ದು ನಾಲ್ಕನೇ ಜೂಬಿಲಿಯ ಕೊನೆಗೆ, ಅಂದರೆ ಸೃಷ್ಟಿಯಾದ 196ನೇ ವರ್ಷದ ಹೊತ್ತಿಗೆ.

ಈ ಅಧ್ಯಾಯವನ್ನು ಇನ್ನೂ ಸ್ವಲ್ಪ ಮುಂದಕ್ಕೆ ಓದಿ. ಸೇತನ ಮಗ ಎನೋಷ ಸೋದರಿಯನ್ನು ಮದುವೆಯಾಗುತ್ತಾನೆ, ಅವನ ಮಗ ಕೇನಾನನೂ ಸೋದರಿಯನ್ನೇ. ಕೇನಾನನ ಮಗ ಮಹಲಲೇಲನ ಸರದಿ ಬಂದಾಗ ಪದ್ಧತಿ ಬದಲಾಗುತ್ತದೆ: ಅವನು ತಂದೆಯ ಸೋದರನ ಮಗಳನ್ನು ತರುತ್ತಾನೆ. ನಮ್ಮ ಓದುಗರು ಇಲ್ಲಿ ಎಚ್ಚರ ತಪ್ಪಬಾರದು. ಸೋದರಮಾವನ ಮಗಳು, ಸೋದರತ್ತೆಯ ಮಗಳು ಎಂದರೆ ನಮ್ಮಲ್ಲಿ ಅನೇಕ ಮನೆಗಳಲ್ಲಿ ವರಸೆ ಕೂಡಿಬರುವ ಸಂಬಂಧ. ದೊಡ್ಡಪ್ಪ ಚಿಕ್ಕಪ್ಪನ ಮಗಳು ತಂಗಿಯೇ. ಜೂಬಿಲಿಯ ಲೇಖಕನಿಗಾಗಲೀ ರೋಮನ್ ಕಾನೂನಿಗಾಗಲೀ ಈ ಭೇದವೇ ಇಲ್ಲ. ಇಂಗ್ಲಿಷ್ ಅನುವಾದದ "ಕಸಿನ್" ನೋಡಿ ಅದನ್ನು ಅತ್ತೆ-ಮಾವನ ಮಕ್ಕಳೆಂದು ಕನ್ನಡಕ್ಕೆ ತಂದುಕೊಂಡರೆ ಇಡೀ ವಾದ ಅಡ್ಡದಾರಿ ಹಿಡಿಯುತ್ತದೆ.

ಎಪಿಫಾನಿಯಸ್ ಜೂಬಿಲಿಯ ಹೆಸರೆತ್ತಿಯೇ ಈ ವಿವರ ಕೊಡುತ್ತಾನೆ. ಅವನಲ್ಲಿ ಕಾಯಿನನ ಹೆಂಡತಿ ಸಾವೆ, ಸೇತನವಳು ಅಜೂರಾ. ಹೆಸರುಗಳನ್ನು ಅವನು ಎತ್ತಿದ್ದು ಕುತೂಹಲಕ್ಕಲ್ಲ. ಸೇತನನ್ನು ಆರಾಧಿಸುತ್ತಿದ್ದ ಗ್ನಾಸ್ಟಿಕ್ (ಗುಪ್ತಜ್ಞಾನದಿಂದ ಮುಕ್ತಿ ಎನ್ನುತ್ತಿದ್ದ) ಪಂಥವೊಂದು ಸೇತನಿಗೆ ಹೊರಾಯಾ ಎಂಬ ಹೆಂಡತಿಯನ್ನು ಕಟ್ಟಿ, ಅವಳ ಸುತ್ತ ಬೇರೊಂದು ಪುರಾಣವನ್ನೇ ಬೆಳೆಸಿತ್ತು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕ ಬರಹಗಳಲ್ಲೂ ಅದೇ ಹೆಸರಿನ ಇನ್ನೊಂದು ರೂಪದಲ್ಲಿ, ಹವ್ವಳ ಮಗಳು ನೊರೆಯಾ ಬರುತ್ತಾಳೆ. ಆ ಪುರಾಣಕ್ಕೆ ಎದುರಾಗಿ ಎಪಿಫಾನಿಯಸ್ ಹೇಳುವುದಿಷ್ಟು: ಇವರು ಸಾಮಾನ್ಯ ಹೆಂಗಸರು, ಆದಾಮನ ಹೆಣ್ಣುಮಕ್ಕಳು.

ಅವಳಿಗಳ ಕಥೆ ಬೇರೆ ಎಳೆ. ಸಿರಿಯಾಕ್ ಭಾಷೆಯ "ನಿಧಿಗಳ ಗುಹೆ"ಯಲ್ಲಿ ಕಾಯಿನನ ಜೊತೆ ಲೆಬೂದಾ, ಹೇಬೆಲನ ಜೊತೆ ಕೆಲೀಮತ್ ಹುಟ್ಟುತ್ತಾರೆ. ಆದಾಮನ ಏರ್ಪಾಡು ಅದಲುಬದಲು: ಕಾಯಿನನಿಗೆ ಕೆಲೀಮತ್, ಹೇಬೆಲನಿಗೆ ಲೆಬೂದಾ. ಲೆಬೂದಾ ಚೆಲುವೆ, ಕಾಯಿನ ಬಿಡಲೊಲ್ಲ. ಕೊಲೆಯ ಹಿಂದಿನ ಜಗಳ ಇದೇ ಎನ್ನುತ್ತದೆ ಕಥೆ. ಅವಳಿ ಸೋದರಿಯ ಸಲುವಾಗಿ ಜಗಳ ಎಂಬ ಮಾತು ಯೆಹೂದ್ಯರ ಆದಿಕಾಂಡ ವ್ಯಾಖ್ಯಾನದಲ್ಲೂ ಇದೆ. ಒಡಹುಟ್ಟಿದವರಲ್ಲೂ ಒಂದೇ ಬಸಿರಿನವರು ಬೇಡ, ಇನ್ನೊಂದು ಬಸಿರಿನವರಾಗಲಿ ಎಂಬ ನಿಯಮವನ್ನು ಕಥೆಗಾರ ಆದಾಮನ ಬಾಯಲ್ಲಿ ಇಟ್ಟಿದ್ದಾನೆ. ಸೋದರ ವಿವಾಹ ಅನಿವಾರ್ಯವಾದ ಕಡೆಯಲ್ಲೂ ಒಂದಿಷ್ಟು ದೂರ ಕಾಯ್ದುಕೊಳ್ಳಬೇಕೆಂಬ ಅಳುಕು ಅದರಲ್ಲಿ ಕಾಣುತ್ತದೆ. ಹಸ್ತಪ್ರತಿಗಳು ಈ ಪುಸ್ತಕಕ್ಕೆ ಸಿರಿಯಾಕ್ ಕವಿ ಸಂತ ಎಫ್ರೇಮನ ಹೆಸರು ಹಾಕುತ್ತವೆ. ಎಫ್ರೇಮ್ ತೀರಿಕೊಂಡದ್ದು 373ರಲ್ಲಿ, ಪುಸ್ತಕದ ಈಗಿನ ರೂಪ ಅದಕ್ಕಿಂತ ಬಹಳ ಈಚಿನದು. "ಸಂತ ಎಫ್ರೇಮ್ ಹೀಗೆ ಹೇಳಿದ" ಎಂದು ಬರೆದರೆ ತಪ್ಪು.

ಈ ಕಥೆ ಸಾಗಿದ ದಾರಿಯಲ್ಲೆಲ್ಲ ಹೆಸರು ಬದಲಾಯಿತು:

ಇಥಿಯೋಪಿಯದ ಆದಾಮ-ಹವ್ವರ ಕಥೆಯಲ್ಲಿ ಕಾಯಿನನ ಅವಳಿ ಲುಲುವಾ, ಹೇಬೆಲನ ಅವಳಿ ಅಕ್ಲಿಯಾ.
7ನೇ ಶತಮಾನದ ಕೊನೆಯ, ಮೆಥೋಡಿಯಸ್ ಹೆಸರಿನ ಭವಿಷ್ಯ ಗ್ರಂಥದ ಲ್ಯಾಟಿನ್ ರೂಪದಲ್ಲಿ ಕಾಯಿನನ ಜೊತೆ ಕಲ್ಮನಾ, ಹೇಬೆಲನ ಜೊತೆ ದೆಬ್ಬೋರಾ.

ನೋಡಿ, ಕೆಲೀಮತ್ ಗುಹೆಯ ಕಥೆಯಲ್ಲಿ ಹೇಬೆಲನ ಅವಳಿ. ಅದೇ ಹೆಸರಿನ ಇನ್ನೊಂದು ರೂಪವಾದ ಕಲ್ಮನಾ ಇಲ್ಲಿ ಕಾಯಿನನ ಅವಳಿ. ಹೆಸರು ಬರೆಯುವಾಗಲೆಲ್ಲ ಪಕ್ಕದಲ್ಲಿ ಗ್ರಂಥದ ಹೆಸರನ್ನೂ ಬರೆಯಬೇಕೆನ್ನುವುದು ಇದಕ್ಕೇ.

ಮಕ್ಕಳ ಸಂಖ್ಯೆಯ ವಿಷಯದಲ್ಲೂ ಒಂದು ಹಳೆಯ ಎಡವಟ್ಟಿದೆ. "ಆದಾಮನಿಗೆ 33 ಗಂಡು, 23 ಹೆಣ್ಣು ಎಂದು ಜೋಸೆಫಸ್ ಬರೆದಿದ್ದಾನೆ" ಎಂಬ ವಾಕ್ಯ ಪ್ರಸಂಗಗಳಲ್ಲೂ ಪುಸ್ತಿಕೆಗಳಲ್ಲೂ ಓಡಾಡುತ್ತಿದೆ. 1ನೇ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಹಾಗೆ ಬರೆದಿಲ್ಲ. 18ನೇ ಶತಮಾನದಲ್ಲಿ ಅವನನ್ನು ಇಂಗ್ಲಿಷಿಗೆ ತಂದ ವಿಲಿಯಂ ವಿಸ್ಟನ್, ಹಳೆಯ ಪರಂಪರೆಯೆಂದು ಅಡಿಟಿಪ್ಪಣಿಯಲ್ಲಿ ಹಾಕಿದ ಅಂಕಿ ಅದು. "ಆದಾಮ ಹವ್ವರ ಜೀವನ" ಎಂಬ ಪ್ರಾಚೀನ ಬರಹ 30 ಗಂಡು 30 ಹೆಣ್ಣು ಎನ್ನುತ್ತದೆ. ಬೈಬಲಿನಲ್ಲಿ ಯಾವ ಸಂಖ್ಯೆಯೂ ಇಲ್ಲ.

ಹಂತ 4: "ಯಾಕೆ" ಎಂಬುದನ್ನು ಅಗಸ್ಟೀನನ ಲೆಕ್ಕದಲ್ಲೇ ಮಾಡಿ ನೋಡಿ

"ದೇವರ ನಗರ"ವನ್ನು ಅಗಸ್ಟೀನ್ 413ರಿಂದ 426ರವರೆಗೆ, ಉತ್ತರ ಆಫ್ರಿಕದ ಹಿಪ್ಪೋ ಊರಿನ ಬಿಷಪ್ ಆಗಿದ್ದಾಗ ಬರೆದ. ಒಟ್ಟು 22 ಪುಸ್ತಕ. ನಿಮಗೆ ಬೇಕಾದದ್ದು 15ನೇ ಪುಸ್ತಕದ 16ನೇ ಅಧ್ಯಾಯ ಒಂದೇ. ನಿಧಾನವಾಗಿ ಎರಡು ಸಲ ಓದಿ.

ಅನಿವಾರ್ಯತೆ ಎಷ್ಟು ಪ್ರಾಚೀನವೋ, ಧರ್ಮ ನಿಷೇಧಿಸಿದ ಮೇಲೆ ಅದೇ ಕೆಲಸ ಅಷ್ಟೇ ಖಂಡನೀಯ ಎಂದು ಅವನು ಶುರುಮಾಡುತ್ತಾನೆ. ಉಳಿದವರು ನಿಲ್ಲಿಸುವುದು ಇಲ್ಲಿಯೇ. ಅಗಸ್ಟೀನ್ ಮುಂದಕ್ಕೆ ಹೋಗಿ, ನಿಷೇಧ ಯಾಕೆ ಬಂತು ಎಂದು ಕೇಳಿಕೊಳ್ಳುತ್ತಾನೆ. ಉತ್ತರ ಪ್ರೀತಿಯ ಹರವು. ಮದುವೆ ಎನ್ನುವುದು ಅಪರಿಚಿತರನ್ನು ನೆಂಟರನ್ನಾಗಿ ಮಾಡುವ ಏರ್ಪಾಡು. ಒಬ್ಬನೇ ವ್ಯಕ್ತಿಯ ಮೇಲೆ ಹಲವು ಸಂಬಂಧ ಹೇರುವ ಬದಲು, ಒಂದೊಂದು ಸಂಬಂಧಕ್ಕೂ ಒಬ್ಬೊಬ್ಬರು ಸಿಕ್ಕರೆ ಬಾಂಧವ್ಯ ಹೆಚ್ಚು ಜನರಿಗೆ ಹರಡುತ್ತದೆ.

ಇದನ್ನು ಕಾಗದದ ಮೇಲೆ ಮಾಡಿ. ಮೊದಲು ಹೊರಗಿನಿಂದ ಹೆಣ್ಣು ತಂದ ಗಂಡಿನ ಮನೆ: ಅಪ್ಪ, ಅಮ್ಮ, ಮಾವ, ಅತ್ತೆ, ಸೋದರಿ, ಹೆಂಡತಿ. ಆರು ಸಂಬಂಧ, ಆರು ಜನ. ಈಗ ಕಾಯಿನನ ಮನೆ: ಆದಾಮನೇ ಅಪ್ಪ, ಆದಾಮನೇ ಮಾವ, ಹವ್ವಳೇ ಅಮ್ಮ, ಹವ್ವಳೇ ಅತ್ತೆ, ಸೋದರಿಯೇ ಹೆಂಡತಿ. ಆರು ಸಂಬಂಧಕ್ಕೆ ಮೂರೇ ಜನ. ಬೇರೆಯವರೇ ಇಲ್ಲದ್ದರಿಂದ ಅದು ಅನಿವಾರ್ಯ.

ಇನ್ನೊಂದು ತಲೆಮಾರು ಕೆಳಗಿಳಿಯಿರಿ. ಕಾಯಿನನ ಮಗನೂ ತನ್ನ ಸೋದರಿಯನ್ನೇ ಮದುವೆಯಾದ ಎಂದಿಟ್ಟುಕೊಳ್ಳಿ. ಅವನಿಗೆ ಕಾಯಿನ ಅಪ್ಪ, ಹೆಣ್ಣು ಕೊಟ್ಟ ಮಾವ, ಜೊತೆಗೆ ತಾಯಿಯ ಒಡಹುಟ್ಟಿದವನಾದ್ದರಿಂದ ಸೋದರಮಾವನೂ ಹೌದು. ತಾಯಿ ಅದೇ ರೀತಿ ಅಮ್ಮ, ಅತ್ತೆ, ಸೋದರತ್ತೆ. ಒಬ್ಬೊಬ್ಬರ ಮೇಲೆ ಎರಡಲ್ಲ, ಮೂರು ಸಂಬಂಧ ಕೂತವು. ಆದರೆ ಈ ತಲೆಮಾರಿಗೆ ಅದು ಅನಿವಾರ್ಯವಲ್ಲ: ಸೇತನ ಮಗಳಿದ್ದಾಳೆ, ಉಳಿದವರ ಹೆಣ್ಣುಮಕ್ಕಳಿದ್ದಾರೆ. ಆಯ್ಕೆ ಇದ್ದಾಗಲೂ ಸೋದರಿಯನ್ನೇ ಆರಿಸುವುದು ತಪ್ಪು ಎಂಬ ಗೆರೆ ಬೀಳುವುದು ಇಲ್ಲಿ. ಸಮಯ ಕಡಿಮೆಯಿದ್ದರೆ ಗುಂಪಿನಲ್ಲಿ ಇದೊಂದನ್ನಾದರೂ ಬೋರ್ಡಿನ ಮೇಲೆ ಬಿಡಿಸಿ. ಅಗಸ್ಟೀನನ ಪುಟಗಟ್ಟಲೆ ಮಾತು ಹತ್ತು ನಿಮಿಷದಲ್ಲಿ ತಲೆಗೆ ಹೋಗುತ್ತದೆ.

ಸೋದರಮಾವನಿಗೆ ಹೆಣ್ಣು ಕೊಡುವುದು, ಸೋದರತ್ತೆಯ ಮನೆಯಿಂದ ಹೆಣ್ಣು ತರುವುದು ಬಳಕೆಯಲ್ಲಿರುವ ಕರ್ನಾಟಕದ ಗುಂಪಿನಲ್ಲಿ ಈ ಚಿತ್ರ ಬಿಡಿಸಿದರೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ತಯಾರಾಗಿಯೇ ಹೋಗಿ. ಅಗಸ್ಟೀನನ ಕಾಲದಲ್ಲೂ ಇದು ಜೀವಂತ ವಿಷಯವಾಗಿತ್ತು. ಚಕ್ರವರ್ತಿ ಥಿಯೊಡೋಸಿಯಸ್ 380ರ ದಶಕದಲ್ಲಿ ಅಣ್ಣ-ತಮ್ಮ, ಅಕ್ಕ-ತಂಗಿಯರ ಮಕ್ಕಳ ನಡುವಿನ ಮದುವೆಯನ್ನು ನಿಷೇಧಿಸಿದ; 405ರಲ್ಲಿ ಪೂರ್ವದ ಚಕ್ರವರ್ತಿ ಅರ್ಕಾಡಿಯಸ್ ಅದನ್ನು ತನ್ನ ಭಾಗದಲ್ಲಿ ಸಡಿಲಿಸಿದ. ಕಾನೂನು ಬಿಟ್ಟಿದ್ದಾಗಲೂ ಜನ ಅಂಥ ಮದುವೆಗೆ ಹಿಂಜರಿಯುತ್ತಿದ್ದರು ಎಂದು ಅಗಸ್ಟೀನ್ ಇದೇ ಅಧ್ಯಾಯದಲ್ಲಿ ಹೇಳುತ್ತಾನೆ. ಮಿಲಾನಿನ ಬಿಷಪ್ ಆಂಬ್ರೋಸನಿಗಂತೂ ಪಟರ್ನಸ್ ಎಂಬವನು ನಮ್ಮ ಊರಿನ ಪ್ರಶ್ನೆಯನ್ನೇ ಕಳಿಸಿದ್ದ: ಮಗಳ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳಬಹುದೇ? ಆಂಬ್ರೋಸ್ ಬೇಡವೆಂದು ಬರೆದ. ಅವನ ವಾದದಲ್ಲೂ ಅದೇ ಲೆಕ್ಕ ಇಣುಕುತ್ತದೆ: ತಾತನಾದವನು ಮಾವನಾಗಬೇಕಾಗುತ್ತದೆ, ಮೊಮ್ಮಗಳು ಸೊಸೆಯಾಗಬೇಕಾಗುತ್ತದೆ.

ಕಥೋಲಿಕ ಸಭೆಯ ಈಗಿನ ನಿಯಮ, 1983ರ ಸಂಹಿತೆಯ 1091ನೇ ಕಾನನ್, ಈ ಎಣಿಕೆಯನ್ನು ಡಿಗ್ರಿಗಳಲ್ಲಿ, ಅಂದರೆ ರಕ್ತಸಂಬಂಧದ ಮೆಟ್ಟಿಲುಗಳಲ್ಲಿ, ಮಾಡುತ್ತದೆ. ಅಣ್ಣ-ತಂಗಿ ಎರಡನೇ ಡಿಗ್ರಿ, ಸೋದರಮಾವ-ಸೋದರಸೊಸೆ ಮೂರನೆಯದು, ಅಣ್ಣ-ತಮ್ಮ, ಅಕ್ಕ-ತಂಗಿಯರ ಮಕ್ಕಳು ನಾಲ್ಕನೆಯದು. ನಾಲ್ಕರವರೆಗೂ ಅಡ್ಡಿ ಇದೆ. ಎರಡನೇ ಡಿಗ್ರಿಗೆ ವಿನಾಯಿತಿ ಎಂದಿಗೂ ಇಲ್ಲ. ಉಳಿದವಕ್ಕೆ ಬಿಷಪ್ಪರ ಅನುಮತಿ ಬೇಕು. ಗುಂಪಿನಲ್ಲಿ ಯಾರಾದರೂ ತಮ್ಮ ಮನೆಯ ಸಂಬಂಧದ ಬಗ್ಗೆ ಕೇಳಿದರೆ ಅಲ್ಲೇ ತೀರ್ಪು ಹೇಳದೆ ಫಾದರ್ ಬಳಿಗೆ ಕಳಿಸಿ. ಪ್ರೊಟೆಸ್ಟೆಂಟ್ ಸಭೆಗಳ ನಿಯಮ ಒಂದೇ ಸಮನಾಗಿಲ್ಲ.

ಹಂತ 5: ಪಕ್ಕದ ಪ್ರಶ್ನೆಗಳನ್ನು ಬೇರೆ ಹಾಳೆಗೆ ಹಾಕಿ

ಏದೆನಿನಲ್ಲಿ ಮದುವೆ ಇತ್ತೇ? ಇಲ್ಲಿ ಸಭಾಪಿತೃಗಳು ಒಬ್ಬರನ್ನೊಬ್ಬರು ಒಪ್ಪುವುದಿಲ್ಲ. ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್ 393ರಲ್ಲಿ, ಮದುವೆಯೂ ಕನ್ಯಾವ್ರತವೂ ಸಮಾನ ಎಂದಿದ್ದ ಜೊವಿನಿಯನ್ ವಿರುದ್ಧ ಬರೆಯುತ್ತ, ಆದಾಮ ಹವ್ವರು ತೋಟದಲ್ಲಿ ಕನ್ಯಾವ್ರತದಲ್ಲೇ ಇದ್ದರು, ಮದುವೆ ಪಾಪದ ನಂತರದ್ದು ಎನ್ನುತ್ತಾನೆ. ಕ್ರಿಸಾಸ್ಟಮ್ ಕನ್ಯಾವ್ರತದ ಮೇಲಿನ ಬರಹದಲ್ಲಿ ಅದೇ ನಿಲುವಿನವನು. 4ನೇ ಶತಮಾನದ ಬಿಷಪ್ ನಿಸ್ಸಾದ ಗ್ರೆಗರಿ, ಪಾಪ ಬಾರದಿದ್ದರೆ ಮನುಷ್ಯರು ದೇವದೂತರಂತೆ ಬೇರೆ ರೀತಿಯಲ್ಲಿ ವೃದ್ಧಿಯಾಗುತ್ತಿದ್ದರು ಎಂದ. ಅಗಸ್ಟೀನ್ ಮಾಗಿದ ಕಾಲದಲ್ಲಿ ಇದನ್ನು ಒಪ್ಪಲಿಲ್ಲ: ಸಂತಾನವೃದ್ಧಿಯ ಆಶೀರ್ವಾದ ಪಾಪಕ್ಕೆ ಮೊದಲೇ ಬಂದದ್ದು, ತೋಟದಲ್ಲೂ ಮಕ್ಕಳಾಗುತ್ತಿದ್ದರು, ಅಷ್ಟರಲ್ಲಿ ಪಾಪ ನಡೆದುಹೋಯಿತು. ಇಲ್ಲೊಂದು ಬಲೆ ಇದೆ. ಮಾನಿ ಎಂಬವನ ಅನುಯಾಯಿಗಳಾದ ಮಾನಿಕೇಯರ ವಿರುದ್ಧ ಅವನು ಮೊದಮೊದಲು ಬರೆದ ಆದಿಕಾಂಡ ವ್ಯಾಖ್ಯಾನದಲ್ಲಿ ಆ ಆಶೀರ್ವಾದಕ್ಕೆ ಆತ್ಮಿಕ ಅರ್ಥ ಕೊಟ್ಟಿದ್ದ; 401ರ ಸುಮಾರಿನ ಮದುವೆಯ ಒಳಿತಿನ ಬರಹದಲ್ಲಿ ಹಲವು ಸಾಧ್ಯತೆಗಳನ್ನು ಮುಂದಿಟ್ಟು ಸುಮ್ಮನಾದ. "ಅಗಸ್ಟೀನನ ಪ್ರಕಾರ" ಎಂದು ಬರೆಯುವ ಮೊದಲು ಯಾವ ವರ್ಷದ ಅಗಸ್ಟೀನ್ ಎಂದು ನೋಡಿಕೊಳ್ಳಿ.

ಒಬ್ಬನಿಗೆ ಒಬ್ಬಳೇ ಎಂಬುದು ಉತ್ತರ ಆಫ್ರಿಕದ ಹಳೆಯ ಲ್ಯಾಟಿನ್ ಲೇಖಕ ತೆರ್ತುಲ್ಲಿಯನನ ವಿಷಯ. ದೇವರು ಆದಾಮನಿಂದ ತೆಗೆದದ್ದು ಒಂದೇ ಪಕ್ಕೆಲುಬು, ಮಾಡಿದ್ದು ಒಬ್ಬಳೇ ಹೆಣ್ಣು. ಎರಡು ಹೆಂಡತಿಯರ ಪದ್ಧತಿ ಶುರುವಾದದ್ದು ಕಾಯಿನನ ವಂಶದ ಲೆಮೆಕನಿಂದ, ಆದಾ ಮತ್ತು ಚಿಲ್ಲಾರಿಂದ. ಜೆರೋಮನೂ ಲೆಮೆಕನನ್ನು ಹೀಗೇ ಬಯ್ಯುತ್ತಾನೆ.

ಆದಿಕಾಂಡ 6ರಲ್ಲಿ ಮನುಷ್ಯರ ಹೆಣ್ಣುಮಕ್ಕಳನ್ನು ಮದುವೆಯಾದ "ದೇವಪುತ್ರರು" ಯಾರು ಎಂಬುದರಲ್ಲಿ ಕಾಲಕ್ಕೆ ತಕ್ಕಂತೆ ಉತ್ತರ ಸರಿಯುತ್ತದೆ. 2ನೇ ಶತಮಾನದ ಜಸ್ಟಿನ್ ದೇವದೂತರು ಎಂದ. 3ನೇ ಶತಮಾನದ ಜೂಲಿಯಸ್ ಆಫ್ರಿಕಾನಸ್ ಸೇತನ ವಂಶದವರೆಂಬ ಅರ್ಥವನ್ನು ಮುಂದಿಟ್ಟ. ಎಫ್ರೇಮ್, ಅಗಸ್ಟೀನ್ ಅದನ್ನೇ ಹಿಡಿದರು. ಹಾಗೆ ಓದಿದರೆ ಆ ಅಧ್ಯಾಯ ಸೇತನ ಮತ್ತು ಕಾಯಿನನ ಮನೆತನಗಳ ನಡುವಿನ ಬೀಗತನದ ಕಥೆಯಾಗುತ್ತದೆ.

ಹಂತ 6: ಅನುವಾದ ಹುಡುಕುವುದು, ಉತ್ತರ ಹೇಳುವುದು

ಅಗಸ್ಟೀನನ ಈ ಗ್ರಂಥ 19ನೇ ಶತಮಾನದ ನೈಸೀನ್ ಮತ್ತು ನೈಸೀನೋತ್ತರ ಸಭಾಪಿತೃಗಳ ಇಂಗ್ಲಿಷ್ ಮಾಲೆಯಲ್ಲಿ ಉಚಿತವಾಗಿ ಸಿಗುತ್ತದೆ. ಕ್ರಿಸಾಸ್ಟಮ್‌ನ ಆದಿಕಾಂಡ ಪ್ರಸಂಗಗಳು ಆ ಮಾಲೆಯಲ್ಲಿಲ್ಲ, ಅಲ್ಲಿ ಹುಡುಕಿ ಹೊತ್ತು ಕಳೆಯಬೇಡಿ. ಅವಕ್ಕೆ ರಾಬರ್ಟ್ ಹಿಲ್ ಮಾಡಿದ ಈಚಿನ ಅನುವಾದ ಬೇಕು, ಸೆಮಿನರಿಯ ಗ್ರಂಥಾಲಯದಲ್ಲಿ ವಿಚಾರಿಸಿ. ಜೂಬಿಲಿಗೆ ಆರ್. ಎಚ್. ಚಾರ್ಲ್ಸ್, ನಿಧಿಗಳ ಗುಹೆಗೆ ವಾಲಿಸ್ ಬಡ್ಜ್, ಎರಡೂ ಹಳೆಯವು, ಅಂತರ್ಜಾಲದಲ್ಲಿವೆ.

ಗುಂಪಿನ ಎದುರು ಒಂದು ಗಂಟೆ ಇದ್ದರೆ ವಚನಗಳಿಗೆ 15 ನಿಮಿಷ, ಕ್ರಿಸಾಸ್ಟಮ್‌ಗೆ 5, ಅಗಸ್ಟೀನನ ಚಿತ್ರಕ್ಕೆ 20, ಉಳಿದದ್ದು ಪ್ರಶ್ನೆಗಳಿಗೆ. ಹೆಸರುಗಳನ್ನು ಕೇಳಿದರೆ ಮಾತ್ರ ಹೇಳಿ. ಮೊದಲೇ ಹೇಳಿದರೆ ಜನ ಮನೆಗೆ ಒಯ್ಯುವುದು ಲುಲುವಾ ಎಂಬ ಹೆಸರನ್ನು ಮಾತ್ರ. ಸಂಡೇ ಸ್ಕೂಲ್ ಮಕ್ಕಳಿಗೆ ಇಷ್ಟು ಸಾಕು: ಆದಾಮ ಹವ್ವರಿಗೆ ಬೈಬಲಿನಲ್ಲಿ ಹೆಸರು ಬರೆಯದ ಇನ್ನೂ ಎಷ್ಟೋ ಮಕ್ಕಳಿದ್ದರು, ಆಗ ಲೋಕದಲ್ಲಿದ್ದದ್ದು ಒಂದೇ ಮನೆ, ಮನೆಗಳು ಹೆಚ್ಚಾದ ಮೇಲೆ ದೇವರು ಅಂಥ ಮದುವೆ ಬೇಡವೆಂದರು.

ದೊಡ್ಡವರ ಗುಂಪಿನಲ್ಲಿ ಎರಡು ತಿರುಗುಪ್ರಶ್ನೆ ಬರುತ್ತವೆ. "ಆಗ ವಂಶವಾಹಿಗಳು ಶುದ್ಧವಾಗಿದ್ದವು, ಅದಕ್ಕೇ ತೊಂದರೆಯಾಗಲಿಲ್ಲ ಅಲ್ಲವೇ?" ಇದು ಈ ಕಾಲದ ವಾದ. ಇಲ್ಲಿ ಓದಿದ ಸಭಾಪಿತೃಗಳು ರೋಗದ ಮಾತೇ ಎತ್ತಿಲ್ಲ. ಅವರ ಕಾರಣ ಕಾನೂನು, ಅನಿವಾರ್ಯತೆ, ಬಾಂಧವ್ಯ. ಅದನ್ನು ಅವರ ಬಾಯಿಗೆ ತುರುಕಬೇಡಿ. "ಅಬ್ರಹಾಮನ ಕಾಲಕ್ಕೆ ಲೋಕ ತುಂಬಿತ್ತಲ್ಲ, ಅವನು ಸಾರಾಳನ್ನು ಮದುವೆಯಾದದ್ದು ಹೇಗೆ?" ಆದಿಕಾಂಡ 20:12ರಲ್ಲಿ ಅವಳು ತಂದೆಯ ಮಗಳು, ತಾಯಿಯ ಮಗಳಲ್ಲ ಎಂದು ಅಬ್ರಹಾಮನೇ ಹೇಳುತ್ತಾನೆ. ಯಾಜಕಕಾಂಡ 18:9 ಅಂಥ ಅರೆಸೋದರಿಯನ್ನೂ ನಿಷೇಧಿಸುತ್ತದೆ, ಆದರೆ ಆ ನಿಯಮ ಬಂದದ್ದು ಮೋಶೆಯ ಕಾಲಕ್ಕೆ. ಥಿಯೊಡೊರೆಟ್‌ನ ಕಾನೂನಿನ ವಾದ ಇಲ್ಲಿಗೆ ಸಲೀಸಾಗಿ ಹೊಂದುತ್ತದೆ. ಆಯ್ಕೆ ಸಿಕ್ಕ ಕೂಡಲೇ ಸೋದರಿಯನ್ನು ಬಿಡಬೇಕು ಎಂಬ ಅಗಸ್ಟೀನನ ವಾದ ಹಾಗೆ ಹೊಂದುವುದಿಲ್ಲ; ಸಾರಾ ಅಬ್ರಹಾಮನ ಸೋದರನ ಮಗಳು, ಸಮೀಪದ ನೆಂಟಳಾದ್ದರಿಂದ ತಂಗಿ ಎಂದು ಕರೆದ ಎಂದು ಅವನು ಬೇರೆಡೆ ವಿವರಿಸಬೇಕಾಯಿತು.